ಹಿಟ್ಟಿಗೆ ಒತ್ತಿದ ಬೆರಳು

ಉಬಾ ಬೆರಳಚ್ಚು ಯಂತ್ರದ ಗಾಜಿನ ಮೇಲೆ ಬೆರಳೊತ್ತಿದ ಕೂಡಲೇ ಗುರುತಿನ ಚೀಟಿ ಕಚೇರಿಯ ಗುಮಾಸ್ತ ನಕ್ಕ. "ನೀನು ಕೀನ್ಯಾದವಳೇ ಅಲ್ವಲ್ಲಮ್ಮ! ಕ್ಯಾಂಪಿನ ಪಟ್ಟೀಲಿ ಸೊಮಾಲಿಯಾದ ನಿರಾಶ್ರಿತೆ ಅಂತಿದೆ. ಗುರುತಿನ ಚೀಟಿ ಇಲ್ಲ, ನಿನ್ನ ನರ್ಸಿಂಗ್ ಕಾಲೇಜೂ ಇಲ್ಲ."

ತಾಯಿ ದಹಬೋ ಮುಂದೆ ನುಗ್ಗಿದಳು. "ಇದೇ ಗಾರಿಸ್ಸಾದಲ್ಲಿ ಹೆತ್ತಿದ್ದೀನಯ್ಯಾ ಇವಳನ್ನ! ಆಡುಗಳೆಲ್ಲ ಸತ್ತ ವರ್ಷ, ಗಡಿ ಆಚೆಯವಳು ಅಂತ ಸುಳ್ಳು ಹೇಳಿ, ಇವಳ ಬೆರಳೊತ್ತಿಸಿ ಕ್ಯಾಂಪಲ್ಲಿ ಹಿಟ್ಟು ತಗೊಂಡೆ. ನಮ್ಮೋರೆಲ್ಲ ಹಂಗೇ ಮಾಡಿದ್ರು. ಹಿಟ್ಟಿಗೆ ಒತ್ತಿದ ಬೆರಳು ನಿನ್ನ ಡಬ್ಬಿಗೆ ಹೆಂಗಯ್ಯಾ ಬಂತು? ಯಾರನ್ನ ಕೇಳಿ ಕೊಟ್ರು?"

"ನಂಗೇನು ಗೊತ್ತು? ನೀನಾದ್ರೂ ಇಲ್ಲಿಯವಳೋ?"

"ನಿಮ್ಮಪ್ಪ ಹುಟ್ಟೋಕೆ ಮುಂಚಿನಿಂದ!" ದಹಬೋ ತನ್ನ ಸವೆದ ಗುರುತಿನ ಚೀಟಿಯನ್ನು ಮೇಜಿಗೆ ಬಡಿದಳು. ಆ ಚೀಟಿ ತೋರಿಸಿಯೇ ಅವಳು ದಿನಾ ಪೊಲೀಸರ ಕಾವಲು ದಾಟಿ ಸಂತೆಗೆ ಹಾಲು ಒಯ್ಯುತ್ತಿದ್ದಳು.

"ಹಂಗಾದ್ರೆ ನೀನೂ ಒತ್ತು, ನೋಡೋಣ."

ದಹಬೋ ರೋಷದಿಂದ ಕೈ ಚಾಚಿದಳು. ಅಂದು ಹಿಟ್ಟಿನ ಸಾಲಿನಲ್ಲಿ ತನಗಿಂತ ಮೊದಲು ಬೆರಳೊತ್ತಿದ್ದು ಅಮ್ಮನೇ ಎಂಬುದು ಉಬಾಗೆ ಆಗ ನೆನಪಾಯಿತು. ಈಗ ಒತ್ತಿದರೆ ಅಮ್ಮನ ಚೀಟಿಯೂ ಹೋಗುತ್ತದೆ. ಬೆರಳು ಗಾಜಿಗೆ ತಾಗುವ ಮೊದಲೇ ಅವಳು ಆ ಕೈಯನ್ನು ಬಿಗಿಯಾಗಿ ಹಿಡಿದಳು.

"ಇವರು ನನ್ನ ಹೆತ್ತೋರಲ್ಲ ಸರ್," ಎಂದಳು. "ನಾನು ಗಡಿ ಆಚೆಯವಳೇ."