ಹೋದ ವರ್ಷದ ಕಾಲು

ವರ್ಷ ತುಂಬುವಷ್ಟರಲ್ಲಿ ಶಿವಲೀಲಾಳ ಎಡಗಾಲು ಅವಳಿಗೆ ಗಿಡ್ಡವಾಗಿಬಿಡುತ್ತಿತ್ತು. ಹುಟ್ಟಿನಿಂದಲೇ ಅವಳಿಗೆ ಎಡಮಂಡಿಯ ಕೆಳಗೆ ಕಾಲಿರಲಿಲ್ಲ. ನಾನು ಕೃತಕ ಕಾಲು ಮಾಡುವವನು. ನಾನು ಮಾಡಿದ ಕಾಲು ಬೆಳೆಯುವುದಿಲ್ಲ, ಹುಡುಗಿ ಬೆಳೆಯುತ್ತಿದ್ದಳು.

ಪ್ರತಿ ಬೇಸಿಗೆಗೆ ತಾಯಿಯ ಜೊತೆ ಬರುತ್ತಿದ್ದಳು. ಹಳೆಯ ಕಾಲಿನ ನಕ್ಷೆ ನನ್ನಲ್ಲಿ ಗ್ರಾಫ್ ಹಾಳೆಯ ಮೇಲೆ ಇರುತ್ತಿತ್ತು. ಮಂಡಿಯನ್ನು ಮೂಲಬಿಂದುವಾಗಿಟ್ಟುಕೊಂಡು, ಉಳಿದ ಬಿಂದುಗಳನ್ನೆಲ್ಲ ಒಂದೇ ಗುಣಕದಿಂದ ಗುಣಿಸಿ ದೊಡ್ಡ ಕಾಲು ಬರೆಯುತ್ತಿದ್ದೆ. ಹೋದ ಸಲ ಆ ಲೆಕ್ಕವನ್ನು ಅವಳೇ ಮಾಡಿದ್ದಳು. "ಆಕಾರ ಅದ ಇರತೈತಿ ಯವ್ವಾ, ಅಳತಿ ಅಷ್ಟ ಬೆಳೀತೈತಿ" ಎಂದು ತಾಯಿಗೆ ಪಾಠ ಹೇಳಿದ್ದಳು.

ಈ ಬೇಸಿಗೆಗೆ ತಾಯಿ ಒಬ್ಬಳೇ ಬಂದಳು.

"ಹುಡುಗಿ ಇಲ್ಲದ ನಾ ಹೆಂಗ ಮಾಡ್ಲಿ?" ರೇಗಿದೆ. "ಅಕಿ ಬಲಗಾಲು ಅಳದ ಮ್ಯಾಲ ಅಲ್ಲೇನು ಗುಣಕ ಗೊತ್ತಾಗೂದು?"

"ಗುಣಕ ಒಂದ ಇಟ್ಕೊಳ್ರಿ."

"ಒಂದರಿಂದ ಗುಣಿಸಿದ್ರ ಹೋದ ವರ್ಷದ ಕಾಲ ಬರತೈತಿ, ತಂಗೀ."

"ಗೊತ್ತೈತ್ರಿ. ಅಕೀನ ಹೇಳಿಕೊಟ್ಟಾಳ."

"ಅದು ಈಗ ಅಕೀಗೆ ಗಿಡ್ಡ ಆಗತೈತಿ, ಕುಂಟತಾಳ. ಯಾಕ, ಹೋದ ವರ್ಷದ್ದು ಮುರೀತೇನು?"

ಮೇಜಿನ ಮೇಲೆ ಹರಡಿದ್ದ ಹಳೆಯ ಹಾಳೆಯಲ್ಲಿ, ಹಿಮ್ಮಡಿಯ ಗೆರೆಯ ಮೇಲೆ ಅವಳು ಬೆರಳಿಟ್ಟಳು.

"ಮುರದಿಲ್ರಿ. ಅದನ್ನ ಅಕೀಗೆ ಹಾಕೇ ಮಣ್ಣ ಮಾಡೀವ್ರಿ. ಇದು ನನಗ್ರಿ, ಮನ್ಯಾಗ ಇಟ್ಕೊಳ್ಳಾಕ."