ಹೊಟ್ಟೆ ಇಳಿಸುವ ಆಪರೇಷನ್

“ಎಷ್ಟು ಹೆರಿಗಿ ಆಗ್ಯಾವು?” ಡಾಕ್ಟರಮ್ಮ ಕೇಳಿದರು.

“ನನಗ ಮೂರು ಆಗ್ಯಾವ್ರಿ. ಹೊಟ್ಟಿ ಮಾತ್ರ ಇವರಿಗೆ ಬಂದೈತಿ,” ಎಂದು ನನ್ನ ಹೆಂಡತಿ ಸ್ರವಂತಿ ನನ್ನ ಕಡೆ ಕೈ ತೋರಿಸಿದಳು. “ಆಪರೇಷನ್ ಇವರಿಗೇ ರೀ.”

ರಾಯಚೂರಿನಿಂದ ವಾರಕ್ಕೊಮ್ಮೆ ನಮ್ಮೂರು ಗದ್ವಾಲಕ್ಕೆ ಬರುವ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ಉಸಿರು ಒಳಗೆಳೆದುಕೊಂಡು ನೆಟ್ಟಗೆ ಕೂತೆ. ಎಳೆದರೆ ಅದು ಎಲ್ಲಿಗೆ ಹೋದೀತು? ನಾನು ಬರುವ ಮುಂಚೆಯೇ ಬಾಗಿಲು ದಾಟಿ ನಮಸ್ಕಾರ ಹೇಳುವ ಹೊಟ್ಟೆ ನನ್ನದು.

ಊರಲ್ಲಿ ನನ್ನದೊಂದು ಸೀರೆ ಅಂಗಡಿ. ಗಿರಾಕಿಗಳಿಗೆ ತೋರಿಸಲು ಪ್ಯಾಂಟಿನ ಮೇಲೇ ಸೀರೆ ಸುತ್ತಿಕೊಂಡು, ನೆರಿಗೆ ಹಿಡಿದು, ಸೆರಗು ಹೊದ್ದು ನಿಲ್ಲುವುದು ನನ್ನ ಕೆಲಸ. ಮೊನ್ನೆ ಹಾಗೆ ಹಸಿರಂಚಿನ ಸೀರೆಯಲ್ಲಿ ನಿಂತಾಗ ಯಾರೋ ಹುಡುಗಿ ವಿಡಿಯೊ ಮಾಡಿ ಊರಿಗೆಲ್ಲ ಹಂಚಿಬಿಟ್ಟಳು. ಸೀರೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. “ಅಣ್ಣಾ, ಎಷ್ಟನೇ ತಿಂಗಳು?” “ಕುಬಸ ಯಾವಾಗ ಮಾಡೂಣು?” ಎಂದೇ ಎಲ್ಲರೂ ಕೇಳಿದರು. ಇಟಿಕ್ಯಾಲದಿಂದ ನನ್ನ ಮಾವನೇ ಫೋನ್ ಮಾಡಿ ನಕ್ಕರು. ಅವತ್ತಿನಿಂದ ಗಿರಾಕಿಗಳ ಮುಂದೆ ಸೀರೆ ಸುತ್ತಿಕೊಳ್ಳಲು ಕೈಯೇ ಬರುತ್ತಿಲ್ಲ. ಹೀಗಾದರೆ ಅಂಗಡಿ ನಡೆದ ಹಾಗೇ. ಹೊಟ್ಟೆ ಕೊಯ್ಸಿಯೇ ಬಿಡುವುದೆಂದು ಬಂದಿದ್ದೆ.

ಡಾಕ್ಟರಮ್ಮ ನನ್ನನ್ನು ಮಲಗಿಸಿ, ಒತ್ತಿ, ಚಿವುಟಿ ನೋಡಿದರು.

“ನಿಮ್ಮ ಕೊಬ್ಬು ಒಳಗ ಅದ, ಕರುಳಿನ ಸುತ್ತ. ಈ ಆಪರೇಷನ್‌ದಾಗ ನಾವು ತೆಗೆಯೋದು ಜೋತುಬಿದ್ದ ಚರ್ಮ, ಅದರ ಕೆಳಗಿನ ಕೊಬ್ಬು. ಬಸುರಾದಾಗ ಸಡಿಲಾದ ಸ್ನಾಯು ಬಿಗಿ ಮಾಡ್ತೀವಿ. ನಿಮ್ಮಲ್ಲಿ ಕೊಯ್ಯಾಕ ಏನೂ ಇಲ್ಲ. ಊಟ ಏನ್ ಮಾಡ್ತೀರಿ?”

ಹಿಡಿದಿಟ್ಟ ಉಸಿರು ಬಿಟ್ಟೆ. ಜೂರಾಲ ಅಣೆಕಟ್ಟಿನ ಗೇಟು ತೆಗೆದ ಹಾಗಾಯಿತು.

“ಹೆಚ್ಚೇನಿಲ್ರಿ, ರೊಟ್ಟಿ.”

“ಆರು ರೊಟ್ಟಿ,” ಎಂದಳು ಸ್ರವಂತಿ. “ಸಂಜಿಮುಂದ ಮಿರ್ಚಿ ಭಜಿ ಬ್ಯಾರೆ.”

ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಡಲು ಎದ್ದೆ. ಅವಳು ಏಳಲಿಲ್ಲ.

“ಡಾಕ್ಟ್ರಮ್ಮಾ, ಮಾಡಿಸಿಕೊಂಡೋರಿಗೆ ಆಮ್ಯಾಲ ಏನೇನ್ ಆಗತೈತ್ರಿ?”

“ಸೊಂಟದ ಈ ಕಡೆಯಿಂದ ಆ ಕಡೆಗೆ ಹೊಲಿಗಿ ಬೀಳತಾವ. ನೋವು, ಬಾವು ಇರ್ತದ. ಗಾಯದ ನೀರು ಹೋಗಾಕ ಕೆಲವು ದಿನ ಪೈಪ್ ಇಡ್ತೀವಿ. ಬಗ್ಗಿ ನಡೀಬೇಕು, ಬೆಲ್ಟ್ ಕಟ್ಟಬೇಕು. ಆರು ವಾರ ಭಾರ ಎತ್ತಂಗಿಲ್ಲ. ಗುರುತು ಪೂರಾ ಹೋಗಂಗಿಲ್ಲ.”

“ಗುರುತು ಸೀರಿ ಕಟ್ಟೋ ಜಾಗದ ಕೆಳಗ ಬರತೈತೇನ್ರಿ? ಮೂರು ಸಲ ಸಿಜೇರಿಯನ್ ಆದ ಹೊಟ್ಟಿಗೆ ನಡಿತೈತೇನ್ರಿ?”

ಎರಡು ಗುಂಡಿ ಬಾಕಿ ಇರುವಾಗಲೇ ನನ್ನ ಕೈ ನಿಂತಿತು. ಸ್ರವಂತಿ ಸೆರಗನ್ನು ಹೊಟ್ಟೆಯ ಮೇಲೆ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಅವಳು ಕೂರುವುದೇ ಹಾಗೆ. ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ದಿನವೆಲ್ಲ ಕಂಡವರ ಹೆಂಡಂದಿರಿಗೆ “ಅಕ್ಕಾರ, ನೆರಿಗಿ ಹಿಂಗ ಹಿಡೀರಿ, ಹೊಟ್ಟಿ ಕಾಣಂಗಿಲ್ಲ” ಎಂದು ಪಾಠ ಹೇಳುವ ಮಹಾ ಪಂಡಿತ ನಾನು! ನನಗೆ ನಿಜಕ್ಕೂ ನಾಚಿಕೆಯಾಯಿತು.

“ಒಂದು ಮಾತು ಹೇಳಬಾರದಿತ್ತೇನ?” ಎಂದೆ.

“ನಿಮ್ಮ ಹೊಟ್ಟಿ ದಾಟಿ ನನ್ನ ಹೊಟ್ಟಿ ನಿಮಗ ಎಲ್ಲಿ ಕಾಣಬೇಕ್ರಿ?”

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. “ನಡಿತದ, ಆದ್ರ ಮೊದಲು ಪರೀಕ್ಷೆ ಮಾಡಬೇಕು. ಹೆಸರು ಯಾರದು ಬರೀಲಿ?”

“ಅಕಿ ಹೇಳಿದಂಗ ಬರೀರಿ,” ಎಂದು ನಾನು ಮತ್ತೆ ಕುರ್ಚಿಯಲ್ಲಿ ಕೂತೆ.

ಸ್ರವಂತಿ ನನ್ನನ್ನೂ ನೋಡಿದಳು, ನನ್ನ ಹೊಟ್ಟೆಯನ್ನೂ ನೋಡಿದಳು. “ನಂದೇ ಬರೀರಿ. ಆದ್ರ ಆರು ವಾರ ಇವರಿಗೆ ರೊಟ್ಟಿ ಬಡಿಯೋರು ಯಾರ್ರಿ?”

“ಯಾರೂ ಬ್ಯಾಡ,” ಎಂದರು ಡಾಕ್ಟರಮ್ಮ, ಬರೆಯುತ್ತಲೇ. “ಒಂದು ಆಪರೇಷನ್‌ದಾಗ ಎರಡು ಹೊಟ್ಟಿ ಇಳೀತಾವ.”

ಸ್ರವಂತಿ ಜೋರಾಗಿ ನಕ್ಕಳು. ನಗುವ ಭರದಲ್ಲಿ ಮುಷ್ಟಿ ಬಿಟ್ಟುಹೋಗಿ ಸೆರಗು ಹೊಟ್ಟೆಯಿಂದ ಜಾರಿತು. ಅವಳು ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.