ನೆಲ ಮುಟ್ಟಿದ ಮೇಲೆ

"ಇಳಿಸೋಕೆ ಹೇಳ್ರೀ!" ಮೇಲೇರುತ್ತಿದ್ದ ವಿಮಾನದಲ್ಲಿ ಕಮಲಾಕ್ಷಿ ಗಂಡನ ತೋಳಿಗೆ ಉಗುರು ಊರಿದಳು.

"ಇದು ನಮ್ಮ ಮಿಕ್ಸಿ ಸದ್ದು ಅಂದ್ಕೊ. ಕಣ್ಮುಚ್ಚಿ ಉಸಿರು ಎಳ್ಕೊ, ನಿಧಾನ ಬಿಡು."

ದಿಲ್ಲಿಯಲ್ಲಿ ಮಗನಿಗೆ ಇವತ್ತೇ ಹೃದಯದ ಆಪರೇಷನ್ ಎಂದು ನಿನ್ನೆ ತಿಳಿದದ್ದೇ ತಡ, ಗಂಡ ಅವಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಮಿಕ್ಸಿ ಓಡಿಸಿ, ಕುರ್ಚಿ ಅಲ್ಲಾಡಿಸಿ ವಿಮಾನಕ್ಕೆ ತಯಾರು ಮಾಡಿದ್ದ. ಈಗ ವಿಮಾನ ಕುಲುಕಿದಾಗಲೆಲ್ಲ ಅವಳು ಜೀವ ಬಿಗಿಹಿಡಿದು ಮನಸ್ಸಿನಲ್ಲೇ ಚಟ್ನಿ ರುಬ್ಬಿದಳು.

ಕೊನೆಗೂ ಚಕ್ರಗಳು ನೆಲ ಮುಟ್ಟಿದವು.

"ನೋಡಿದ್ಯಾ? ಚಟ್ನಿ ಆಯ್ತು, ಅಷ್ಟೆ!" ಗಂಡ ನಗುತ್ತ ಫೋನ್ ಆನ್ ಮಾಡಿದ. ತಕ್ಷಣ ರಿಂಗಾಯಿತು. ಆಸ್ಪತ್ರೆಯಿಂದ ಸೊಸೆ. ಅವನ ನಗು ಆರಿತು. ರಿಂಗಾಗುತ್ತಲೇ ಇದ್ದ ಫೋನನ್ನು ಅವಳತ್ತ ಚಾಚಿದ.

"ನೀನೇ ಮಾತಾಡೇ."

ಕಮಲಾಕ್ಷಿ ಬಿಚ್ಚಿದ್ದ ಬೆಲ್ಟನ್ನು ಮತ್ತೆ ಬಿಗಿದುಕೊಂಡಳು.

"ವಾಪಸ್ ಮೇಲಕ್ಕೆ ಹಾರ್ಸೋಕೆ ಹೇಳ್ರೀ. ನಾನು ಫೋನ್ ಎತ್ತಲ್ಲ."